ತೆಂಗಿನ ಮರ ಕಡಿದು ಸೋಲಾರ್ ಹಾಕಿಸಬೇಡಿ

ಮನೆಯ ದಕ್ಷಿಣಕ್ಕೆ ಮೂರು ತೆಂಗಿನ ಮರ, ನಾಲ್ಕು ತಿಂಗಳು ಮಳೆ; ಮರ ಕಡಿದು 3 ಕಿಲೋವಾಟ್ ಸೋಲಾರ್ ಹಾಕಿಸಿದರೆ ಪರಿಸರಕ್ಕೆ ಒಳ್ಳೆಯದೇ ಎಂದು ಮಣಿಪಾಲದಿಂದ ಕೇಳಿದ್ದೀರಿ. ಉಡುಪಿಯ ನಮ್ಮ ಮನೆಯದೂ ಇದೇ ನಕ್ಷೆ. ನನ್ನ ತಪ್ಪು ಒಂದೇ: ನೆರಳನ್ನು ಮೇ ತಿಂಗಳಲ್ಲಿ ನೋಡಿ ಪ್ಯಾನೆಲ್ ಕೂರಿಸಿದೆ.

ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಗೆ ಬಂದು, ಆಗಸ್ಟ್ ನಡುವಿನ ತನಕ ಉತ್ತರಕ್ಕೇ ಇರುತ್ತಾನೆ. ಮೇಯಲ್ಲಿ ದಕ್ಷಿಣದ ಮರದ ನೆರಳು ಮನೆಯಿಂದ ಆಚೆಗೆ ಬೀಳುತ್ತದೆ, ತಾರಸಿ ಇಡೀ ದಿನ ಬಿಸಿಲು. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣದಲ್ಲಿ 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಪ್ಯಾನೆಲ್‌ಗಿಂತ 30 ಅಡಿ ಎತ್ತರದ ಮರ ಆಗ 22 ಅಡಿ ನೆರಳು ಚೆಲ್ಲುತ್ತದೆ. ಬೆಳಗ್ಗೆ ಒಂಬತ್ತೂವರೆಗೆ ಆ ನೆರಳು ವಾಯವ್ಯಕ್ಕೆ 45 ಅಡಿ ದಾಟುತ್ತದೆ. ಕರಾವಳಿಯಲ್ಲಿ ಮೋಡವಿಲ್ಲದ, ಯೂನಿಟ್ ಚೆನ್ನಾಗಿ ಬರಬೇಕಾದ ತಿಂಗಳುಗಳೇ ಅವು.

ಒಂದು ಮಡಲಿನ ನೆರಳು ಏನು ಮಹಾ ಎಂದು ಅನಿಸಬಹುದು. ಸಿಲಿಕಾನ್ ಕೋಶಕ್ಕೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ, ಕೋಶದೊಳಗಿನ ಎರಡು ಪದರಗಳ ಸಂಧಿ ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಒಂದು ಕೋಶ ಕೊಡುವುದು ಅರ್ಧ ವೋಲ್ಟಿನ ಆಸುಪಾಸು. ಆದ್ದರಿಂದ ಕೋಶಗಳನ್ನು ಸರಪಳಿಯಂತೆ ಜೋಡಿಸುತ್ತಾರೆ, ಪ್ಯಾನೆಲ್‌ಗಳನ್ನೂ ಹಾಗೆಯೇ. ಸರಪಳಿಯಲ್ಲಿ ನೆರಳಿಗೆ ಸಿಕ್ಕ ಕೋಶ ಉಳಿದವುಗಳ ಕರೆಂಟನ್ನು ತಡೆದು ತಾನು ಬಿಸಿಯಾಗುತ್ತದೆ. ಅದು ಸುಟ್ಟುಹೋಗದಂತೆ ಪ್ಯಾನೆಲ್ಲಿನ ಹಿಂದಿನ ಬೈಪಾಸ್ ಡಯೋಡ್ ಆ ಭಾಗವನ್ನೇ ಬಿಟ್ಟು ಕರೆಂಟು ಹರಿಸುತ್ತದೆ. ಸಾಮಾನ್ಯವಾಗಿ ಪ್ಯಾನೆಲ್ಲಿಗೆ ಮೂರು ಡಯೋಡ್, ಅಂದರೆ ಅಂಗೈಯಗಲದ ನೆರಳಿಗೆ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಹೋಯಿತು. 540 ವಾಟಿನ ಆರು ಪ್ಯಾನೆಲ್ ಒಂದೇ ಸರಪಳಿಯಲ್ಲಿ ಇದ್ದು, ಮಡಲುಗಳು ಗಾಳಿಗೆ ಆಡುತ್ತಿದ್ದರೆ, ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಯ ಎಸಿಗೆ ಬದಲಿಸುವ ಇನ್ವರ್ಟರ್ ಸರಿಯಾದ ವೋಲ್ಟೇಜ್ ಹುಡುಕುತ್ತಲೇ ಇರುತ್ತದೆ.

ನಾನು ಮರ ಮುಟ್ಟಲಿಲ್ಲ. ಪ್ಯಾನೆಲ್‌ಗಳನ್ನು ತಾರಸಿಯ ಉತ್ತರದ ಅಂಚಿಗೆ ಸರಿಸಿ, ಬೆಳಗ್ಗೆ ಇನ್ನೂ ನೆರಳು ತಾಗುವ ಎರಡಕ್ಕೆ ಮೈಕ್ರೋ ಇನ್ವರ್ಟರ್, ಅಂದರೆ ಪ್ಯಾನೆಲ್ಲಿಗೆ ಒಂದರಂತೆ ಬೇರೆಯೇ ಪುಟ್ಟ ಇನ್ವರ್ಟರ್, ಹಾಕಿಸಿದೆ. ನೀವೂ ಹಾಗೇ ಮಾಡಿ. ಕಿಲೋವಾಟಿಗೆ ಸುಮಾರು 100 ಚದರಡಿ ಸಾಕು. ದಕ್ಷಿಣಕ್ಕೆ 13 ಡಿಗ್ರಿ ಇಳಿಜಾರು ಕೊಡಿ; ಮಳೆ ನೀರೇ ಧೂಳು ತೊಳೆಯುತ್ತದೆ.

ಮಳೆಯನ್ನು ದೂರುವುದು ಸರಿಯಲ್ಲ. ಜೂನ್, ಜುಲೈಯಲ್ಲಿ ಉತ್ಪಾದನೆ ಬಹಳ ಇಳಿಯುತ್ತದೆ ನಿಜ, ಆದರೆ ವರ್ಷದ ಸರಾಸರಿಯಲ್ಲಿ ಕಿಲೋವಾಟಿಗೆ ದಿನಕ್ಕೆ 4 ಯೂನಿಟ್ ಹತ್ತಿರ ಲೆಕ್ಕ ಹಿಡಿಯಬಹುದು. ಕರೆಂಟು ಹೋದಾಗ ಮಾತ್ರ ಆನ್‌ಗ್ರಿಡ್ (ಬೀದಿಯ ವಿದ್ಯುತ್ ಲೈನಿಗೆ ಜೋಡಿಸಿದ) ಇನ್ವರ್ಟರ್ ತಾನೂ ನಿಲ್ಲುತ್ತದೆ, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಶಾಕ್ ಹೊಡೆದೀತು. ಮಳೆಗಾಲದ ಕತ್ತಲಿಗೆಂದೇ ಹಾಕಿಸುವುದಾದರೆ ಬ್ಯಾಟರಿ ಬೇಕು.

ಪರಿಸರದ ವಿಷಯ. ನಮ್ಮ ಜಿಲ್ಲೆಯ ಎಲ್ಲೂರಿನಲ್ಲೇ 1200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಇದೆ. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ನಿಮ್ಮ 3 ಕಿಲೋವಾಟ್ ವರ್ಷಕ್ಕೆ ಸುಮಾರು 3 ಟನ್ ತಪ್ಪಿಸಬಲ್ಲದು. ಆದರೆ ಸಿಲಿಕಾನ್ ಕರಗಿಸುವ ಕುಲುಮೆಗಳು ಬಹುಪಾಲು ಚೀನಾದಲ್ಲಿ, ಕಲ್ಲಿದ್ದಲಿನ ವಿದ್ಯುತ್ತಿನಲ್ಲೇ ಉರಿಯುತ್ತವೆ. ತಯಾರಿಕೆಗೆ ತಿಂದ ಶಕ್ತಿಯನ್ನು ಪ್ಯಾನೆಲ್ ಹಿಂದಿರುಗಿಸಲು ಒಂದೆರಡು ವರ್ಷ ಬೇಕು. 25 ವರ್ಷ ಕಳೆದ ಮೇಲೆ ಗಾಜು, ಅಲ್ಯೂಮಿನಿಯಂ, ಬೆಸುಗೆಯ ಸೀಸ ಉಳಿಯುತ್ತವೆ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೋಲಾರ್ ಪ್ಯಾನೆಲ್ ಸೇರಿದೆ, ಹಾಗಾಗಿ ಗುಜರಿಯವನಿಗೆ ಕೊಡಬೇಡಿ, ಬಿಲ್ ಜೋಪಾನವಾಗಿಡಿ.

ನಮ್ಮ ಉಪ್ಪುಗಾಳಿಗೆ ಸ್ಟ್ಯಾಂಡ್ ಮೊದಲು ಸಾಯುತ್ತದೆ. ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣವನ್ನೇ ಕೇಳಿ, ತೂತು ಕೊರೆಯುವುದು, ವೆಲ್ಡಿಂಗ್ ಎಲ್ಲಾ ಅದ್ದುವ ಮೊದಲೇ ಮುಗಿದಿರಲಿ. ತಾರಸಿಯ ಮೇಲೆ ವೆಲ್ಡ್ ಮಾಡಿದರೆ ಸತುವಿನ ಲೇಪ ಸುಟ್ಟುಹೋಗಿ ಅಲ್ಲಿಂದಲೇ ತುಕ್ಕು ಶುರು. ಬೋಲ್ಟ್ ಉಪ್ಪುಗಾಳಿ ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ.