ರಾಜನ ಮನೆಯ ಊಟ, ಸರ್ಕಾರದ ಲೆಕ್ಕ

ಪ್ರಿಯ ಓದುಗರೇ,

ನಿಮ್ಮ ಪತ್ರಕ್ಕೆ ಖಾರ ಸ್ವಲ್ಪ ಜಾಸ್ತಿಯೇ ಬಿದ್ದಿದೆ. ಆದರೆ ಕೇಳಬೇಕಾದ್ದನ್ನೇ ಕೇಳಿದ್ದೀರಿ. ಹಾಗಾಗಿ ಉತ್ತರವೂ ಉದ್ದವಾಗುತ್ತಿದೆ, ಸಹಿಸಿಕೊಳ್ಳಿ.

ಪತ್ರ ನೋಡದ ಉಳಿದವರಿಗಾಗಿ ಎರಡು ಮಾತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಬ್ರಿಟನ್ನಿಗೆ ಸ್ಟೇಟ್ ವಿಸಿಟ್, ಅಂದರೆ ಪೂರ್ತಿ ರಾಜಮರ್ಯಾದೆಯ ಅಧಿಕೃತ ಭೇಟಿ, ಹೋಗಿದ್ದರಲ್ಲ, ಆಗ ವಿಂಡ್ಸರ್ ಕೋಟೆಯಲ್ಲಿ ನಡೆದ ಸ್ವಾಗತ, ಔತಣಗಳ ಚಿತ್ರಗಳನ್ನು ನಾವು ನಾಲ್ಕು ಪುಟ ತುಂಬ ಹಾಕಿದ್ದೆವು. ಅದನ್ನು ನೋಡಿ ಈ ಓದುಗರು ಮೂರು ಪ್ರಶ್ನೆ ಕೇಳಿದ್ದಾರೆ. ಅಧಿಕಾರವೇ ಇಲ್ಲದ ರಾಜ ಯಾರನ್ನು ಕರೆದು ಊಟ ಹಾಕಿದರೆ ಯಾರಿಗೇನು? ಈ ಕುದುರೆ, ಸಾರೋಟು, ಕುಶಾಲತೋಪುಗಳಿಂದ ನಿಜವಾಗಿ ಏನಾದರೂ ಕೆಲಸ ಆಗಿದೆಯಾ? ಕೊಟ್ಟು ತಗೊಂಡ ಉಡುಗೊರೆಗಳು ಕೊನೆಗೆ ಯಾರ ಕಪಾಟು ಸೇರುತ್ತವೆ? ಜೊತೆಗೊಂದು ಚುಚ್ಚುಮಾತು: ನಿಮ್ಮ ಪತ್ರಿಕೆಗೂ ರಾಜರ ಮೋಹ ಹಿಡೀತಾ?

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಒಂದು ಚಿತ್ರದ ಕೆಳಗೆ 'ರಾಜ ಚಾರ್ಲ್ಸ್ ಕರೆದ ಅತಿಥಿ' ಎಂದು ಬರೆದಿದ್ದೆವು. ಆಮಂತ್ರಣ ಪತ್ರದ ಮೇಲೆ ಸಹಿ ರಾಜನದೇ, ಸರಿ. ಆದರೆ ಯಾರನ್ನು ಕರೆಯಬೇಕು ಅನ್ನುವುದನ್ನು ತೀರ್ಮಾನಿಸುವುದು ಸರ್ಕಾರ. ಆ ಪತ್ರ ಟ್ರಂಪ್ ಕೈ ಸೇರಿದ್ದು ಹೇಗೆ ಅಂತ ನೆನಪಿದೆಯಾ? 2025ರ ಫೆಬ್ರವರಿ 27ರಂದು ಪ್ರಧಾನಿ ಕೀರ್ ಸ್ಟಾರ್ಮರ್ ಶ್ವೇತಭವನದಲ್ಲಿ ಕೂತು, ಕ್ಯಾಮೆರಾಗಳ ಎದುರು, ಕೋಟಿನ ಜೇಬಿನಿಂದ ತೆಗೆದುಕೊಟ್ಟರು. ಅಮೆರಿಕ ಯಾವ ದೇಶದ ಸರಕಿಗೆ ಎಷ್ಟು ಸುಂಕ ಹಾಕುತ್ತದೋ, ಉಕ್ರೇನ್ ಕೈಬಿಡುತ್ತದೋ ಎಂದು ಯುರೋಪೆಲ್ಲ ಉಗುರು ಕಚ್ಚಿಕೊಂಡು ಕೂತಿದ್ದ ಹೊತ್ತು ಅದು. ಪ್ರಧಾನಿಯ ಹತ್ತಿರ ಇಲ್ಲದ ಒಂದು ವಸ್ತು ರಾಜನ ಹತ್ತಿರ ಇತ್ತು. ಅದನ್ನು ಎರವಲು ತಂದರು. ಅಷ್ಟೇ.

ಅಂದರೆ ರಾಜನಿಗೆ ಅಧಿಕಾರ ಇಲ್ಲ ಅನ್ನುವುದೇ ಇಲ್ಲಿ ಅನುಕೂಲ. ಅಧಿಕಾರ ಇರುವ ಪ್ರಧಾನಿ ಊಟಕ್ಕೆ ಕರೆದರೆ ಅದು ವ್ಯವಹಾರ. ಅಧಿಕಾರ ಇಲ್ಲದವನು ಕರೆದರೆ ಅದು ಮರ್ಯಾದೆ. ಕೆಲಸ ಎರಡರಲ್ಲೂ ಒಂದೇ.

ಇನ್ನು ಆ ವೈಭವದ ವಿಷಯ. ನೀವು ಅದನ್ನು 'ಸುಮ್ನೆ ಅಲಂಕಾರ' ಅಂದಿರಿ. ನನಗೆ ಹಾಗನ್ನಿಸುವುದಿಲ್ಲ. ಅದೊಂದು ಭಾಷೆ, ಅದಕ್ಕೆ ಬಿಗಿಯಾದ ವ್ಯಾಕರಣವಿದೆ. ತೋಪುಗಳನ್ನೇ ತಗೊಳ್ಳಿ. ಲಂಡನ್ನಿನಲ್ಲಿ ಗೌರವ ವಂದನೆಯ ಮೂಲ ಲೆಕ್ಕ 21 ಸುತ್ತು. ಗ್ರೀನ್ ಪಾರ್ಕಿನಂಥ ರಾಜ ಉದ್ಯಾನದಲ್ಲಿ ಹಾರಿಸಿದರೆ ಇನ್ನೂ 20 ಸೇರಿ 41. ಲಂಡನ್ ಟವರ್‌ನಿಂದ ಹಾರಿಸಿದರೆ ಹಳೆಯ ಲಂಡನ್ ನಗರದ ಹೆಸರಲ್ಲಿ ಮತ್ತೆ 21 ಸೇರಿ 62. ಬಂದವರು ದೊಡ್ಡ ದೇಶದವರಾದರೂ ಪುಟ್ಟ ದೇಶದವರಾದರೂ ಲೆಕ್ಕ ಬದಲಾಗುವುದಿಲ್ಲ.

ಊಟದ ಮನೆಗೆ ಬನ್ನಿ. ನನಗೆ ಇಷ್ಟವಾದ ಜಾಗ ಇದು. ಬಕಿಂಗ್‌ಹ್ಯಾಮ್ ಅರಮನೆಯಲ್ಲಾದರೆ ಕುದುರೆಲಾಳದ ಆಕಾರದ ಮೇಜು, ಸುಮಾರು 170 ಜನ. ಸುತ್ತಲೂ 19 ಬಡಿಸುವ ಠಾಣೆಗಳು, ಒಂದೊಂದರಲ್ಲೂ ನಾಲ್ಕು ಜನ. ಯಾರೂ ಕೂಗಾಡುವಂತಿಲ್ಲ, ಕಣ್ಸನ್ನೆಯೂ ಕಾಣಬಾರದು. ಅದಕ್ಕೆ ಟ್ರಾಫಿಕ್ ಸಿಗ್ನಲ್‌ನಂಥ ಬಣ್ಣದ ದೀಪಗಳು. ಒಂದು ಬಣ್ಣ ಬಂದರೆ ಸಿದ್ಧರಾಗಿ, ಇನ್ನೊಂದು ಬಂದರೆ ಬಡಿಸಿ. ಎಲ್ಲ ಮೂಲೆಯಲ್ಲೂ ತಟ್ಟೆಗಳು ಒಂದೇ ಗಳಿಗೆಗೆ ಇಳಿಯುತ್ತವೆ. ಪ್ರತಿಯೊಬ್ಬರ ಮುಂದೆಯೂ ಆರು ಗ್ಲಾಸು. ಒಬ್ಬೊಬ್ಬರ ಜಾಗವನ್ನೂ ಅಳತೆಪಟ್ಟಿ ಹಿಡಿದು ಗುರುತು ಮಾಡುತ್ತಾರೆ. ಎಲಿಜಬೆತ್ ರಾಣಿ ಇದ್ದಷ್ಟು ಕಾಲ ಔತಣಕ್ಕೆ ಮುಂಚೆ ತಾವೇ ಬಂದು ಮೇಜು ನೋಡಿ ಹೋಗುತ್ತಿದ್ದರು. ಅತಿಥಿಗಳ ಮಲಗುವ ಕೋಣೆಯನ್ನೂ ಬಿಡುತ್ತಿರಲಿಲ್ಲ.

ಕಳೆದ ವರ್ಷ ಬಕಿಂಗ್‌ಹ್ಯಾಮ್‌ನಲ್ಲಿ ರಿಪೇರಿ ನಡೆಯುತ್ತಿತ್ತು, ಹಾಗಾಗಿ ಎಲ್ಲವೂ ವಿಂಡ್ಸರ್‌ಗೆ ಬಂತು. ಅಲ್ಲಿ ಸೇಂಟ್ ಜಾರ್ಜ್ ಹಾಲ್‌ನಲ್ಲಿ 47.3 ಮೀಟರ್ ಉದ್ದದ ಒಂದೇ ಮೇಜು, 160 ಜನ. ಹೊರಗೆ ಸುಮಾರು 1,300 ಸೈನಿಕರು, 120 ಕುದುರೆ. ಒಂದು ಸಣ್ಣ ವಿವರ ನಮ್ಮ ಚಿತ್ರಗಳಲ್ಲಿ ಬರಲಿಲ್ಲ. ಪಾನೀಯಗಳ ಪಟ್ಟಿಯಲ್ಲಿ 1912ರ ಕೋನ್ಯಾಕ್ ಎಂಬ ಫ್ರೆಂಚ್ ಬ್ರಾಂದಿ ಇತ್ತು. 1912 ಟ್ರಂಪ್ ತಾಯಿ ಹುಟ್ಟಿದ ವರ್ಷ. ಆಕೆ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವರು. ತಮಾಷೆ ಏನಪ್ಪಾ ಅಂದರೆ ಟ್ರಂಪ್ ಕುಡಿಯುವುದೇ ಇಲ್ಲ! ಆದರೆ ಆ ಬಾಟಲಿ ಇಟ್ಟಿದ್ದು ಕುಡಿಯಲಿ ಅಂತಲ್ಲ, ಓದಲಿ ಅಂತ.

ಮತ್ತೆ ಅದೇ ರಾತ್ರಿ ರಾಜ ಭಾಷಣದಲ್ಲಿ ಉಕ್ರೇನ್ ಬೆಂಬಲಕ್ಕೆ ನಾವೂ ನಮ್ಮ ಮಿತ್ರರೂ ಒಟ್ಟಿಗೆ ನಿಂತಿದ್ದೇವೆ ಎಂದರು. ರಾಜನ ಇಂಥ ಭಾಷಣಗಳು ಸರ್ಕಾರದ ಕಣ್ಣು ತಪ್ಪಿಸಿ ಹೊರಬರುವುದಿಲ್ಲ. ಈ ಮಾತು ಹೇಳಬೇಕಾದ್ದು ಪ್ರಧಾನಿ. ಹೇಳಿಸಿದ್ದು ಊಟದ ಮೇಜಿನಲ್ಲಿ, ರಾಜನ ಬಾಯಲ್ಲಿ. ಅತಿಥಿ ಎದ್ದು ವಾದ ಮಾಡುವಂತಿಲ್ಲ, ಅಲ್ವಾ?

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರು. ಎಲ್ಲರಿಗೂ ಒಂದೇ ವಿಧಿ, ಒಂದೇ ಲೆಕ್ಕ ಇರುವುದರಿಂದ, ಅದರಲ್ಲಿ ಎಲ್ಲಾದರೂ ಒಂದು ಎಳೆ ಆಚೀಚೆ ಆದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಲಸ ಮಾಡುವುದು ಆ ಎಳೆ.

1903ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಜ ಏಳನೇ ಎಡ್ವರ್ಡ್ ಪ್ಯಾರಿಸ್‌ಗೆ ಹೋದ. ದಕ್ಷಿಣ ಆಫ್ರಿಕಾದಲ್ಲಿ ಡಚ್ ಮೂಲದ ಬೋಯರರ ಮೇಲೆ ಬ್ರಿಟನ್ ನಡೆಸಿದ ಯುದ್ಧ ಮುಗಿದು ಒಂದು ವರ್ಷ, ಫ್ರೆಂಚರಿಗೆ ಬ್ರಿಟಿಷರನ್ನು ಕಂಡರೆ ಆಗುತ್ತಿರಲಿಲ್ಲ. ಸಾರೋಟು ಹೋಗುವಾಗ ಬೀದಿಯಲ್ಲಿ ಜನ 'ಬೋಯರರಿಗೆ ಜಯವಾಗಲಿ' ಎಂದು ಕೂಗಿದರು. ಕೆಲವರು, ಹಿಂದೆ ಇಂಗ್ಲಿಷರ ವಿರುದ್ಧ ಹೋರಾಡಿದ ಫ್ರೆಂಚ್ ವೀರವನಿತೆ ಜೋನ್ ಆಫ್ ಆರ್ಕ್ ಹೆಸರನ್ನೂ ಕೂಗಿದರು. ಅಂದು ಸಂಜೆ ನಾಟಕದ ಮನೆಯಲ್ಲಿ ರಾಜನಿಗೆ ಝಾನ್ ಗ್ರಾನಿಯೆ ಎಂಬ ನಟಿ ಕಂಡಳು. ಹತ್ತಿರ ಹೋಗಿ, ಆಕೆಯ ಕೈಗೆ ಮುತ್ತಿಟ್ಟು, ಫ್ರಾನ್ಸಿನ ಸೊಗಸೆಲ್ಲ ನಿಮ್ಮಲ್ಲೇ ಇದೆ ಎಂಬರ್ಥದ ಮಾತಾಡಿದ, ಅದೂ ಫ್ರೆಂಚಿನಲ್ಲಿ. ಸುದ್ದಿ ಊರೆಲ್ಲ ಹಬ್ಬಿತು. ಅವನು ಹೊರಡುವ ಹೊತ್ತಿಗೆ ಅದೇ ಬೀದಿಗಳಲ್ಲಿ ಜೈಕಾರ. ಮರುವರ್ಷ ಏಪ್ರಿಲ್ 8ಕ್ಕೆ ಎರಡೂ ದೇಶಗಳ ಒಪ್ಪಂದಕ್ಕೆ ಸಹಿ ಬಿತ್ತು, ಆಂತಾಂತ್ ಕೋರ್ದಿಯಾಲ್, ಅಂದರೆ ಸೌಹಾರ್ದದ ಒಡಂಬಡಿಕೆ, ಎಂದು ಹೆಸರಾಗಿರುವುದು ಅದೇ. ಒಪ್ಪಂದ ಕುದುರಿಸಿದವರು ಮಂತ್ರಿಗಳು, ರಾಯಭಾರಿಗಳು. ಎಡ್ವರ್ಡ್ ಒಬ್ಬನೇ ಮಾಡಿದ ಎಂದರೆ ಅದು ಭಟ್ಟಂಗಿತನ. ಆದರೆ ಮಂತ್ರಿಗಳು ಮಾತಾಡಲು ಬೇಕಾದ ಗಾಳಿ ಬದಲಾಗಿದ್ದು ಆ ಮೂರ್ನಾಲ್ಕು ದಿನಗಳಲ್ಲಿ.

2011ರ ಮೇ ತಿಂಗಳ ಐರ್ಲೆಂಡ್ ಭೇಟಿ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಅಲ್ಲಿಗೆ ಬ್ರಿಟನ್ನಿನ ದೊರೆ ಕೊನೆಯ ಸಲ ಹೋಗಿದ್ದು 1911ರಲ್ಲಿ, ಆಗ ಅದು ಬ್ರಿಟಿಷರ ಕೈಕೆಳಗಿನ ನಾಡು. ನೂರು ವರ್ಷದ ಮೇಲೆ ಎಲಿಜಬೆತ್ ಹಸಿರು ಕೋಟು ತೊಟ್ಟು ವಿಮಾನ ಇಳಿದರು. ಬ್ರಿಟಿಷರ ವಿರುದ್ಧ ಹೋರಾಡಿ ಸತ್ತವರ ನೆನಪಿನ ಉದ್ಯಾನ ಡಬ್ಲಿನ್ನಿನಲ್ಲಿದೆ. ಅಲ್ಲಿ ಹೂಗುಚ್ಛ ಇಟ್ಟು ತಲೆ ಬಾಗಿಸಿದರು. ಬಾಯಲ್ಲಿ ಒಂದು ಮಾತಿಲ್ಲ. ಮರುದಿನ ಡಬ್ಲಿನ್ ಕ್ಯಾಸಲ್ ಔತಣದಲ್ಲಿ ಭಾಷಣದ ಮೊದಲ ಸಾಲು ಐರಿಷ್ ಭಾಷೆಯಲ್ಲಿ: ಅಧ್ಯಕ್ಷರೇ, ಗೆಳೆಯರೇ, ಅಷ್ಟೇ. ಪಕ್ಕದಲ್ಲಿದ್ದ ಅಧ್ಯಕ್ಷೆ ಮೇರಿ ಮ್ಯಾಕಲೀಸ್ ಬಾಯಿಂದ 'ವಾವ್' ಬಂತು, ಅದೂ ಕ್ಯಾಮೆರಾ ಮುಂದೆ. ರಾಣಿಯ ಸೋದರ ಸಂಬಂಧಿ ಮೌಂಟ್‌ಬ್ಯಾಟನ್ ಅವರನ್ನು 1979ರಲ್ಲಿ ಐಆರ್‌ಎ, ಅಂದರೆ ಬ್ರಿಟಿಷರ ವಿರುದ್ಧ ಶಸ್ತ್ರ ಹಿಡಿದಿದ್ದ ಐರಿಷ್ ರಿಪಬ್ಲಿಕನ್ ಆರ್ಮಿ, ಬಾಂಬಿಟ್ಟು ಕೊಂದಿತ್ತು. 2014ರಲ್ಲಿ ಐರಿಷ್ ಅಧ್ಯಕ್ಷರು ವಿಂಡ್ಸರ್‌ಗೆ ಬಂದಾಗ, ಅದೇ ಐಆರ್‌ಎಯ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಗಿನ್ನೆಸ್ ರಾಣಿಯ ಔತಣದಲ್ಲಿ ಕೂತಿದ್ದರು, ಕೋಟು ಟೈ ಕಟ್ಟಿಕೊಂಡು. ಇದನ್ನು ಸುಮ್ನೆ ಅಲಂಕಾರ ಅಂದರೆ ಹೇಗೆ?

ಆದರೆ ಮದ್ದು ಎಲ್ಲ ಗಾಯಕ್ಕೂ ಹತ್ತುವುದಿಲ್ಲ. 1971ರ ಅಕ್ಟೋಬರ್‌ನಲ್ಲಿ ಜಪಾನಿನ ಚಕ್ರವರ್ತಿ ಹಿರೊಹಿಟೊ ಲಂಡನ್ನಿಗೆ ಬಂದರು. ಯುದ್ಧದ ಕಾಲದಲ್ಲಿ, 1941ರಲ್ಲಿ, ಕಿತ್ತುಕೊಂಡಿದ್ದ ಗಾರ್ಟರ್ ಎಂಬ ಬ್ರಿಟನ್ನಿನ ಅತ್ಯುಚ್ಚ ಗೌರವ ಪದವಿಯನ್ನು ಆ ವರ್ಷ ವಾಪಸ್ ಕೊಟ್ಟಿದ್ದರು. ಔತಣದಲ್ಲಿ ರಾಣಿ, ಹಳೆಯದು ನಡೆದೇ ಇಲ್ಲ ಎಂದು ನಟಿಸಲಾಗದು ಎಂದು ಬಿಚ್ಚಿಯೇ ಹೇಳಿದರು. ಆದರೆ ಜಪಾನಿನ ಯುದ್ಧ ಶಿಬಿರಗಳಲ್ಲಿ ನರಳಿ ಬದುಕಿ ಬಂದಿದ್ದ ಸೈನಿಕರಿಗೆ ಅದು ಸಾಕಾಗಲಿಲ್ಲ. ಸಾರೋಟು ಬರುವಾಗ ಬೆನ್ನು ತಿರುಗಿಸಿ ನಿಂತರು. ಹಿರೊಹಿಟೊ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ನೆಟ್ಟ ಗಿಡವನ್ನು ಯಾರೋ ಕಡಿದು, ಬುಡಕ್ಕೆ ರಾಸಾಯನಿಕ ಸುರಿದರು. 1998ರಲ್ಲಿ ಮಗ ಅಕಿಹಿಟೊ ಬಂದಾಗಲೂ ಬೆನ್ನುಗಳು ತಿರುಗಿದವು. 2024ರಲ್ಲಿ ಮೊಮ್ಮಗ ನರುಹಿಟೊ ಬಂದಾಗ ಹಾಗೆ ತಿರುಗಿ ನಿಲ್ಲುವಷ್ಟು ಜನರೇ ಬದುಕಿ ಉಳಿದಿರಲಿಲ್ಲ. ಸಮಾಧಾನ ಮಾಡಿದ್ದು ಔತಣವೋ ಕಾಲವೋ, ನೀವೇ ಹೇಳಿ.

ನಿಮ್ಮ ಕಡೆಗೂ ಒಂದು ಸಾಕ್ಷಿ ಒದಗಿಸುತ್ತೇನೆ, ಇಲ್ಲದಿದ್ದರೆ ಮೋಸವಾಗುತ್ತದೆ. 1978ರ ಜೂನ್‌ನಲ್ಲಿ ಬ್ರಿಟನ್ ರುಮೇನಿಯಾದ ಸರ್ವಾಧಿಕಾರಿ ಚೌಶೆಸ್ಕುಗೆ ಪೂರ್ತಿ ರಾಜೋಪಚಾರ ಮಾಡಿತು. ಕಾರಣ ವಿಮಾನ ಮಾರಾಟ. ಅವನ ಪರಿವಾರ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುತ್ತದೆ ಎಂದು ಫ್ರಾನ್ಸಿನ ಅಧ್ಯಕ್ಷರು ಮೊದಲೇ ಎಚ್ಚರಿಸಿದ್ದರು. ಒಂದು ದಿನ ರಾಣಿ ಅರಮನೆಯ ತೋಟದಲ್ಲಿ ನಾಯಿಗಳ ಜೊತೆ ಓಡಾಡುತ್ತಿದ್ದಾಗ ಗಂಡ ಹೆಂಡತಿ ಎದುರಿಗೆ ಬರುವುದು ಕಂಡಿತು. ಮಾತಾಡಬೇಕಾಗುತ್ತದಲ್ಲ ಎಂದು ಪೊದೆಯ ಹಿಂದೆ ಅವಿತುಕೊಂಡರಂತೆ! ಮನೆಯೊಡತಿ ತನ್ನದೇ ತೋಟದಲ್ಲಿ ಅತಿಥಿಗೆ ಹೆದರಿ ಅವಿತುಕೊಳ್ಳುವುದು. ಕರೆದವರು ಯಾರು, ಸಹಿಸಿಕೊಂಡವರು ಯಾರು ಅನ್ನುವುದಕ್ಕೆ ಇದಕ್ಕಿಂತ ಚಿತ್ರ ಬೇಕಾ? ಅವನಿಗೆ ಕೊಟ್ಟ ಗೌರವ ಪದವಿಯನ್ನು 1989ರ ಡಿಸೆಂಬರ್‌ನಲ್ಲಿ, ಅವನ ಕಥೆ ಮುಗಿಯುವ ಹೊತ್ತಿಗೆ, ಅವಸರದಲ್ಲಿ ವಾಪಸ್ ಪಡೆದರು. ಜಿಂಬಾಬ್ವೆಯ ಮುಗಾಬೆಗೂ ಹೀಗೆಯೇ: 1994ರಲ್ಲಿ ಕೊಟ್ಟಿದ್ದು, 2008ರಲ್ಲಿ ಕಿತ್ತುಕೊಂಡಿದ್ದು.

ಆತಿಥೇಯರೂ ಕಡಿಮೆಯಿಲ್ಲ. 1980ರಲ್ಲಿ ಮೊರಾಕ್ಕೊದ ರಾಜ ಎರಡನೇ ಹಸನ್ ರಾಣಿಯನ್ನು ಬಿಸಿಲಲ್ಲಿ, ಡೇರೆಯೊಳಗೆ, ಊಟವಿಲ್ಲದೆ ಕಾಯಿಸಿದ. ಕಾಯಿಸಿದ್ದಲ್ಲದೆ ತಪ್ಪನ್ನು ರಾಣಿಯ ಸಿಬ್ಬಂದಿಯ ತಲೆಗೆ ಕಟ್ಟಲು ನೋಡಿದ. ರಾಣಿ ಅವನನ್ನು ಅಲ್ಲೇ ತಡೆದರು. ಆದರೂ 1987ರಲ್ಲಿ ಅದೇ ಹಸನ್ ಲಂಡನ್ನಿಗೆ ಸ್ಟೇಟ್ ವಿಸಿಟ್ ಬಂದಾಗ ಸಾರೋಟೂ ಬಂತು, ತೋಪೂ ಹಾರಿತು. ಲೆಕ್ಕ ಲೆಕ್ಕವೇ.

ಉಡುಗೊರೆಗಳ ಬಗ್ಗೆ ಚಿಕ್ಕದಾಗಿ. ಅಧಿಕೃತ ಭೇಟಿಯಲ್ಲಿ ಬಂದದ್ದು ರಾಜಮನೆತನದವರ ಸ್ವಂತ ಆಸ್ತಿ ಆಗುವುದಿಲ್ಲ, ಪಟ್ಟಿ ಮಾಡಿ ಇಡುತ್ತಾರೆ. ಅಮೆರಿಕದ ಅಧ್ಯಕ್ಷರಿಗೂ ಬೆಲೆಬಾಳುವ ಉಡುಗೊರೆಗಳನ್ನು ಸುಮ್ಮನೆ ಮನೆಗೆ ಒಯ್ಯಲು ಕಾನೂನು ಬಿಡುವುದಿಲ್ಲ. ಕಪಾಟಿನಲ್ಲಿ ಇಡಲಾಗದ ಉಡುಗೊರೆಗಳೂ ಇವೆ. 1968ರಲ್ಲಿ ಬ್ರೆಜಿಲ್ ರಾಣಿಗೆ ಜಾಗ್ವಾರ್‌ಗಳನ್ನು ಕೊಟ್ಟಿತು. 1972ರಲ್ಲಿ ಕ್ಯಾಮರೂನ್ ಒಂದು ಆನೆಯನ್ನೇ ಕಳಿಸಿತು, ಹೆಸರು ಜಂಬೊ. ಎಲ್ಲವೂ ಲಂಡನ್ ಮೃಗಾಲಯ ಸೇರಿದವು. ಕಳೆದ ವರ್ಷ ಚಾರ್ಲ್ಸ್ ಟ್ರಂಪ್‌ಗೆ ಕೊಟ್ಟಿದ್ದು ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬುವ ನೆನಪಿಗೆ ಕೈಯಲ್ಲಿ ಕಟ್ಟಿದ ಚರ್ಮದ ಹೊದಿಕೆಯ ಪುಸ್ತಕ. ಆ ಘೋಷಣೆಯಲ್ಲಿ ಸಾಲುಸಾಲಾಗಿ ಬೈಸಿಕೊಂಡವನು ಚಾರ್ಲ್ಸ್‌ನ ಪೂರ್ವಜ ಮೂರನೇ ಜಾರ್ಜ್! ಇಷ್ಟು ಚೆಂದದ ಉಡುಗೊರೆಯನ್ನು ಬಿಟ್ಟು ನಾವು ಕುದುರೆಗಳ ಚಿತ್ರ ಐದು ಹಾಕಿದ್ದೆವು. ಕುದುರೆ ಜಾಸ್ತಿಯಾಯಿತು ಎಂಬ ನಿಮ್ಮ ದೂರನ್ನು ಒಪ್ಪಿದ್ದೇನೆ. 'ರಾಜ ಚಾರ್ಲ್ಸ್ ಕರೆದ ಅತಿಥಿ' ಎಂಬ ಅಡಿಬರಹದ ತಿದ್ದುಪಡಿ ಈ ಸಂಚಿಕೆಯಲ್ಲೇ ಇದೆ.

— ಸಂಪಾದಕ