ಪ್ರತಿಕ್ರಿಯೆ: ವಿಮಾನವನ್ನು ಮುಂದಕ್ಕೆ ತಳ್ಳುವುದು ಚಕ್ರವಾ?

ಬಜ್ಪೆಯಲ್ಲಿ ವಿಮಾನ ಏರುವುದನ್ನು ನೋಡಿ ನೀವು ಕೇಳಿದ್ದೀರಿ: ರನ್‌ವೇಯಲ್ಲಿ ಎಂಜಿನ್ ಚಕ್ರ ತಿರುಗಿಸುತ್ತದೆ, ನೆಲ ಬಿಟ್ಟ ಮೇಲೆ ತಳ್ಳುವುದು ಯಾವುದು?

ಒಳ್ಳೆಯ ಪ್ರಶ್ನೆ. ಆದರೆ ಎಂಜಿನ್ ಚಕ್ರವನ್ನು ತಿರುಗಿಸುವುದೇ ಇಲ್ಲ. ಚಕ್ರ ಕೈಗಾಡಿಯದರ ಹಾಗೆ ಸುಮ್ನೆ ಉರುಳುತ್ತದೆ, ಬ್ರೇಕ್ ಮಾತ್ರ ಇದೆ. ಎಂಜಿನ್ ಗಾಳಿಯನ್ನು ಹಿಂದಕ್ಕೆ ಎಸೆಯುತ್ತದೆ, ಆ ಗಾಳಿ ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ. ನಮ್ಮ ಕಾಸರಗೋಡಿನಲ್ಲಿ ಅಡಿಕೆ ತೋಟಕ್ಕೆ ಪಂಪಿನಿಂದ ನೀರು ಬಿಟ್ಟವರ ಕೈಗೆ ಇದು ಗೊತ್ತು. ನೀರು ಜೋರಾಗಿ ಚಿಮ್ಮಿದರೆ ಪೈಪು ಹಿಂದಕ್ಕೆ ಒದೆಯುತ್ತದೆ, ಅಲ್ವಾ? ಎದುರಿಗೆ ಗೋಡೆ ಇರಲಿ, ಇಲ್ಲದಿರಲಿ, ಒದೆಯುತ್ತದೆ. ಹಾಗೆಯೇ ವಿಮಾನಕ್ಕೂ ತಳ್ಳಲು ನೆಲ ಬೇಕಿಲ್ಲ.

ಬೋಯಿಂಗ್ 737-800ರ ಎಂಜಿನ್ನಿನಲ್ಲಿ ಒಂದು ಪಾಲು ಗಾಳಿ ಉರಿಯುವ ಜಾಗಕ್ಕೆ ಹೋದರೆ, ಸುಮಾರು ಐದು ಪಾಲು ಎದುರಿನ ದೊಡ್ಡ ಫ್ಯಾನಿನಿಂದ ನೇರ ಹಿಂದಕ್ಕೆ ಹೋಗುತ್ತದೆ. ಜಾಸ್ತಿ ಬಲ ಬರುವುದು ಅಲ್ಲಿಂದಲೇ.

ಎತ್ತುವುದು ಮಾತ್ರ ರೆಕ್ಕೆ. ಪೂರ್ತಿ ಭಾರ ತುಂಬಿದಾಗ ಈ ವಿಮಾನ 79 ಟನ್. ಎರಡೂ ಎಂಜಿನ್‌ಗಳ ಬಲ ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ! ಆ ಬಲ ವಿಮಾನವನ್ನು ಗಂಟೆಗೆ ಸುಮಾರು 250ರಿಂದ 280 ಕಿ.ಮೀ. ವೇಗಕ್ಕೆ ತರುತ್ತದೆ. ಆಗ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲೇಳುತ್ತದೆ. ಲೆಕ್ಕಕ್ಕೆ ಬರುವುದು ಗಾಳಿಯೆದುರಿನ ವೇಗ. ಅದಕ್ಕೇ ಪೈಲಟ್‌ಗಳು ಸಾಧ್ಯವಾದಷ್ಟು ಎದುರುಗಾಳಿಗೆ ಮುಖ ಮಾಡಿ ಏರುತ್ತಾರೆ.