ಹಳೆ ಟೈಲ್ಸ್ ಮೇಲೆಯೇ ಲ್ಯಾಮಿನೇಟ್ ಫ್ಲೋರಿಂಗ್ ನಾವೇ ಹಾಕಿಕೊಳ್ಳಬಹುದಾ?

ಹಾಕಬಹುದು, ಟೈಲ್ಸ್ ಕೀಳಬೇಕಾಗಿಲ್ಲ. ಲ್ಯಾಮಿನೇಟ್ ಅಂದರೆ ಮರದಂತೆ ಕಾಣುವ ತೆಳು ಹಲಗೆಗಳು. ಅವು ಒಂದಕ್ಕೊಂದು ಲಾಕ್ ಆಗುತ್ತವೆ, ನೆಲಕ್ಕೆ ಅಂಟಿಸುವುದಿಲ್ಲ. ಆದರೆ ನೆಲ ಸಮವಾಗಿರಬೇಕು. ಎರಡು ಮೀಟರ್ ಉದ್ದದ ನೇರ ಪಟ್ಟಿ ಇಟ್ಟು ನೋಡಿ. ಕೆಳಗೆ 3 ಮಿ.ಮೀ.ಗಿಂತ ಜಾಸ್ತಿ ಸಂದಿ ಕಂಡರೆ ಮೊದಲು ಅದನ್ನು ಸರಿಮಾಡಿ.

ಹಲಗೆಗಳ ಬಾಕ್ಸ್ ತಂದ ದಿನವೇ ಶುರು ಮಾಡಬೇಡಿ. ಅದೇ ರೂಮಿನಲ್ಲಿ 48 ಗಂಟೆ ಮಲಗಿಸಿಡಿ. ಹಲಗೆಯ ಒಳಗಿರುವುದು ಒತ್ತಿದ ಮರದ ನಾರು, ಗಾಳಿಯ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಗೋಡೆಯ ಸುತ್ತ 8ರಿಂದ 10 ಮಿ.ಮೀ. ಜಾಗ ಬಿಡಬೇಕು. ನಾನು ಮೊದಲ ಸಲ ಬಾಗಿಲ ಹತ್ತಿರ ನೀಟಾಗಿ ಕಾಣಲಿ ಅಂತ ಬಿಗಿಯಾಗಿ ಕೂರಿಸಿದ್ದೆ. ಮಳೆಗಾಲದಲ್ಲಿ ಅಲ್ಲಿ ಹಪ್ಪಳದ ಹಾಗೆ ಉಬ್ಬಿ, ಬಾಗಿಲೇ ತೆರೆಯದಂತಾಯಿತು! ಆ ಸಂದಿ ಹೇಗೂ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಪಟ್ಟಿ) ಕೆಳಗೆ ಮುಚ್ಚಿಹೋಗುತ್ತದೆ, ಸುಮ್ನೆ ಹೆದರಿದ್ದೆ.

ಉಳಿದದ್ದು ಸುಲಭ. ಮೊದಲು ಫೋಮ್ ಶೀಟ್ ಹಾಸಿ. ಇಟ್ಟಿಗೆ ಗೋಡೆ ಕಟ್ಟುವಂತೆ ಪಕ್ಕದ ಸಾಲಿನ ಜೋಡಣೆಗಳ ನಡುವೆ ಕನಿಷ್ಠ ಒಂದು ಅಡಿ ಅಂತರವಿರಲಿ. ಸುತ್ತಿಗೆಯಿಂದ ಹಲಗೆಗೆ ನೇರವಾಗಿ ಹೊಡೆಯಬೇಡಿ, ನಡುವೆ ಮರದ ತುಂಡು ಹಿಡಿದು ಮೆಲ್ಲಗೆ ತಟ್ಟಿ. ಕೊನೆಯ ಸಾಲಿನ ಅಗಲವನ್ನು ಮೊದಲೇ ಲೆಕ್ಕ ಹಾಕಿ. ಎರಡು ಇಂಚಿಗಿಂತ ಕಡಿಮೆ ಬಂದರೆ ಮೊದಲ ಸಾಲಿನ ಹಲಗೆಗಳನ್ನೂ ಉದ್ದಕ್ಕೆ ಸ್ವಲ್ಪ ಸೀಳಿಕೊಳ್ಳಿ, ಆಗ ಕೊನೆಯ ಸಾಲು ಅಗಲವಾಗುತ್ತದೆ.

ಬಚ್ಚಲಿಗೆ ಇದು ಬೇಡವೇ ಬೇಡ. ಬಕೆಟ್ ನೀರು ಸುರಿದು ನೆಲ ತೊಳೆಯುವ ಅಭ್ಯಾಸವಿದ್ದರೆ ಹಾಲಿಗೂ ಬೇಡ, ಟೈಲ್ಸೇ ಇರಲಿ.